ಎರಡು ಗಣಿಗಳ ನಡುವೆ

ಜರ್ಮನಿಯ ಎಸೆನ್ ರೈಲು ನಿಲ್ದಾಣದಿಂದ 107ನೇ ನಂಬರಿನ ಟ್ರಾಮ್ ಹಿಡಿದು ಝೋಲ್‌ಫೆರೈನ್ ಗಣಿಗೆ ಹೋದೆ. 1986ರಲ್ಲಿ ಮುಚ್ಚಿದ ಈ ಕಲ್ಲಿದ್ದಲು ಗಣಿ ಈಗ ವಿಶ್ವ ಪರಂಪರೆಯ ತಾಣ. ಕಿತ್ತಳೆ ಬಣ್ಣದ ಉದ್ದನೆಯ ಎಸ್ಕಲೇಟರ್ ಏರಿದರೆ, ಒಂದು ಕಾಲಕ್ಕೆ ಕಲ್ಲಿದ್ದಲು ತೊಳೆಯುತ್ತಿದ್ದ ಕಟ್ಟಡದೊಳಗೆ ಕಾಲಿಡುತ್ತೇವೆ.

ಹೊರಗಿನಿಂದ ಬರುವ ಅಗ್ಗದ ಇಂಧನಕ್ಕೆ ಜರ್ಮನಿಯ ಗಣಿಗಳೂ ಸೋತವು, ಬ್ರಿಟನ್ನಿನ ಗಣಿಗಳೂ ಸೋತವು. ಎರಡೂ ಬಂಡವಾಳಶಾಹಿ ದೇಶಗಳೇ. ಆದರೆ ಬಾಗಿಲು ಹಾಕಿದ ರೀತಿ ಒಂದೇ ಆಗಿರಲಿಲ್ಲ. ಅದನ್ನು ಕಣ್ಣಾರೆ ಕಾಣಬೇಕೆಂದೇ ಈ ಪ್ರವಾಸ.

ಜರ್ಮನಿಯಲ್ಲಿ 1951ರ ಕಾನೂನು ಕಲ್ಲಿದ್ದಲು ಮತ್ತು ಉಕ್ಕಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರಿಗೆ ಷೇರುದಾರರಷ್ಟೇ ಸ್ಥಾನ ಕೊಟ್ಟಿತು. ಎರಡೂ ಕಡೆ ಸಮವಾದರೆ ತೀರ್ಮಾನಿಸಲು ಒಬ್ಬ ತಟಸ್ಥ ಸದಸ್ಯ. ಹಾಗಾಗಿ ಗಣಿ ಮುಚ್ಚುವ ಮಾತು ಕಾರ್ಮಿಕರ ಎದುರಲ್ಲೇ ನಡೆಯಬೇಕಾಯಿತು. ಅವಧಿಗೆ ಮುಂಚೆ ನಿವೃತ್ತಿ, ಬೇರೆ ಗಣಿಗೆ ವರ್ಗ, ಹೊಸ ಕೆಲಸಕ್ಕೆ ತರಬೇತಿ ಎಂದು ದಶಕಗಳ ಕಾಲ ನಿಧಾನವಾಗಿ ಮುಚ್ಚುತ್ತಾ ಬಂದರು. ಬಾಟ್ರಾಪ್ ಊರಿನಲ್ಲಿದ್ದ ಕೊನೆಯ ಗಣಿ ನಿಂತದ್ದು 2018ರ ಡಿಸೆಂಬರ್‌ನಲ್ಲಿ. ಇದಕ್ಕೆ ಸರ್ಕಾರ ಸುರಿದ ಸಹಾಯಧನ ಅಪಾರ. ಅಷ್ಟಾದರೂ ಪಕ್ಕದ ಗೆಲ್ಸೆನ್‌ಕಿರ್ಷೆನ್‌ನಲ್ಲಿ ಇಂದಿಗೂ ನಿರುದ್ಯೋಗ ಹೆಚ್ಚು. ಸ್ವರ್ಗವೇನಲ್ಲ, ಆದರೆ ಜನರನ್ನು ಒಮ್ಮೆಲೇ ಬೀದಿಗೆ ತಳ್ಳಲಿಲ್ಲ. ನನಗೆ ಅದು ದೊಡ್ಡ ಮಾತು.

ಮುಂದಿನ ವಾರ ಬ್ರಿಟನ್ನಿನ ವೇಲ್ಸ್‌ನ ಬ್ಲೇನಾವನ್‌ನಲ್ಲಿದ್ದೆ. 1980ರಲ್ಲಿ ಮುಚ್ಚಿದ ಬಿಗ್ ಪಿಟ್ ಗಣಿಯೊಳಗೆ 90 ಮೀಟರ್ ಆಳಕ್ಕೆ ಕರೆದೊಯ್ಯುತ್ತಾರೆ. ಇಳಿಯುವ ಮುನ್ನ ಮೊಬೈಲ್, ಕೈಗಡಿಯಾರ, ಬ್ಯಾಟರಿ ಇರುವ ಎಲ್ಲವನ್ನೂ ಒಪ್ಪಿಸಬೇಕು. ಒಂದು ಕಿಡಿ ಸಾಕು, ಅನಿಲ ಹೊತ್ತಿಕೊಳ್ಳಲು. ಹಳೆಯ ಗಣಿ ಕೆಲಸಗಾರರೊಬ್ಬರು ನಮ್ಮ ಮಾರ್ಗದರ್ಶಿ. ಕೆಳಗೆ ಎಲ್ಲರ ಹೆಲ್ಮೆಟ್ ದೀಪ ಆರಿಸಲು ಹೇಳಿದರು. ಕಣ್ಣೆದುರು ಹಿಡಿದ ನನ್ನ ಕೈ ನನಗೇ ಕಾಣಲಿಲ್ಲ.

ಆ ಕತ್ತಲಲ್ಲೇ ಅವರು ಗಣಿ ಕಾರ್ಮಿಕರ 1984ರ ಮುಷ್ಕರದ ಮಾತೆತ್ತಿದರು. ಇಲ್ಲಿ ಆಗ ಗಣಿಗಳು ಸರ್ಕಾರದವೇ ಆಗಿದ್ದವು. ಆದರೂ ಆಡಳಿತ ಮಂಡಳಿಯಲ್ಲಿ ಕಾರ್ಮಿಕರಿಗೆ ಹಕ್ಕಿನ ಕುರ್ಚಿ ಇರಲಿಲ್ಲ. ಇಪ್ಪತ್ತು ಗಣಿಗಳನ್ನು ಮುಚ್ಚುವ ಯೋಜನೆ ಹೊರಬಿದ್ದಾಗ ಕಾರ್ಮಿಕರ ಕೈಯಲ್ಲಿದ್ದದ್ದು ಮುಷ್ಕರವೊಂದೇ. ಒಂದು ವರ್ಷ ಹೋರಾಡಿ, ಸೋತು, ಕೆಲಸಕ್ಕೆ ಮರಳಿದರು.

ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಎರಡನೇ ಮಹಾಯುದ್ಧದ ನಂತರ ಎಸೆನ್ ಇರುವ ರೂರ್ ಪ್ರದೇಶ ಬ್ರಿಟಿಷರ ವಶದಲ್ಲಿತ್ತು. ಉಕ್ಕಿನ ಉದ್ಯಮದಲ್ಲಿ ಈ ಸಮಪಾಲಿನ ಪದ್ಧತಿ 1947ರಲ್ಲಿ ಶುರುವಾದದ್ದು ಅವರ ಆಡಳಿತದಲ್ಲೇ! ತಮ್ಮ ದೇಶದಲ್ಲಿ ಮಾತ್ರ, 1977ರಲ್ಲಿ ಸರ್ಕಾರ ನೇಮಿಸಿದ್ದ ಬುಲಕ್ ಸಮಿತಿ ಕಾರ್ಮಿಕರನ್ನು ಕಂಪನಿಗಳ ಆಡಳಿತ ಮಂಡಳಿಗೆ ಸೇರಿಸಿಕೊಳ್ಳಿ ಎಂದಾಗ ಮಾಲೀಕರು ಸಿಡಿದೆದ್ದರು. ಕಾರ್ಮಿಕ ಸಂಘಗಳಲ್ಲೂ ಒಮ್ಮತ ಮೂಡಲಿಲ್ಲ. ಮಂಡಳಿಯಲ್ಲಿ ಕುಳಿತ ಮೇಲೆ ಅದರ ಎದುರೇ ಚೌಕಾಸಿಗೆ ಕೂರುವುದು ಹೇಗೆ ಎಂಬುದು ಹಲವರ ತಕರಾರು.

ಮೇಲೆ ಬಂದ ಮೇಲೆ ಮಾರ್ಗದರ್ಶಿಯನ್ನು ಕೇಳಿದೆ: "ಕುರ್ಚಿ ಕೊಟ್ಟಿದ್ದರೆ ಕೂರುತ್ತಿದ್ದಿರಾ?"

"ಆಗ ಕೇಳಿದ್ದರೆ ಇಲ್ಲ ಎನ್ನುತ್ತಿದ್ದೆ" ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈಗಡಿಯಾರವನ್ನು ಹುಡುಕಿ ಕೊಟ್ಟರು.