ಚಳಿಗಾಲದಲ್ಲಿ ಕರಿಬೇವಿಗೆ ನೀರು ಕಡಿಮೆ ಹಾಕಿ, ದಯವಿಟ್ಟು

ಅಕ್ಟೋಬರ್ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಕನ್ನಡದ ಗೆಳೆಯರಲ್ಲಿ ಒಂದೇ ಪ್ರಶ್ನೆ: ಕರಿಬೇವಿನ ಕುಂಡ ಯಾವಾಗ ಒಳಗೆ ತರಬೇಕು? ಜನವರಿಯಲ್ಲಿ ಇನ್ನೊಂದು: ಎಲೆಯೆಲ್ಲ ಉದುರಿತು, ಗಿಡ ಸತ್ತೇ ಹೋಯ್ತಾ? ಗಿಡ ಕೊಲ್ಲುವುದು ಹೊರಗಿನ ಚಳಿ ಅಂತ ಎಲ್ಲರೂ ನಂಬಿದ್ದಾರೆ. ನಾನು ನೋಡಿದ ಮಟ್ಟಿಗೆ, ಸರಿಯಾದ ಹೊತ್ತಿಗೆ ಒಳಗೆ ಬಂದು, ಬೆಚ್ಚಗಿನ ಹಾಲ್‌ನಲ್ಲಿ ಕೂತು, ದಿನಾ ನೀರು ಕುಡಿದು ಸತ್ತ ಗಿಡಗಳೇ ಜಾಸ್ತಿ.

ಮೊದಲು ಒಳಗೆ ತರುವ ವಿಷಯ. ಫ್ರಾಸ್ಟ್, ಅಂದರೆ ಎಲೆಯ ಮೇಲೆ ಹೆಪ್ಪುಗಟ್ಟುವ ಇಬ್ಬನಿ, ಬೀಳುವ ತನಕ ಕಾಯಬೇಡಿ. ರಾತ್ರಿ ಹೊತ್ತು 50 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲು ಶುರುವಾದರೆ ಕರಿಬೇವು, ದುಂಡು ಮಲ್ಲಿಗೆ, ದಾಸವಾಳ ಎಲ್ಲ ಒಳಗೆ ಬರಲಿ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳ ಮೇಲೆ ವಿಶೇಷ ಕಣ್ಣಿಡಿ. ಅಂಥ ರಾತ್ರಿ ನೆಲದ ಶಾಖವೆಲ್ಲ ನೇರ ಆಕಾಶಕ್ಕೆ ಹೋಗುತ್ತದೆ, ಎಲೆಗಳು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತವೆ, ಹಾಗಾಗಿ ಫೋನಿನಲ್ಲಿ 36 ಡಿಗ್ರಿ ಫ್ಯಾರನ್‌ಹೀಟ್ ಅಂತ ತೋರಿಸಿದರೂ ಹಿತ್ತಲಲ್ಲಿ ಫ್ರಾಸ್ಟ್ ಬಿದ್ದಿರಬಹುದು. ಆ ಒಂದು ರಾತ್ರಿ ದಾಟಿಸಬೇಕಾದರೆ ಹಳೇ ಹತ್ತಿಯ ಬೆಡ್‌ಶೀಟ್ ಸಾಕು, ಆದರೆ ನೆಲ ಮುಟ್ಟುವ ಹಾಗೆ ಹೊದಿಸಿ. ಪ್ಲಾಸ್ಟಿಕ್ ಹಾಳೆ ಬೇಡ. ಅದು ತಗುಲಿದ ಎಲೆ ಸುಟ್ಟ ಹಾಗೆ ಆಗುತ್ತದೆ.

ತುಳಸಿಗೆ ಇನ್ನೂ ಅವಸರ. ತುಳಸಿ ಹಬ್ಬ ಕಾರ್ತಿಕದಲ್ಲಿ, ಹೆಚ್ಚಾಗಿ ನವೆಂಬರ್‌ನಲ್ಲಿ ಬರುತ್ತದೆ ಅಲ್ವಾ? ಅಷ್ಟರಲ್ಲಿ ಇಲ್ಲಿ ಹೊರಗಿರುವ ತುಳಸಿ ಒಂದೇ ಫ್ರಾಸ್ಟ್‌ಗೆ ಕಪ್ಪಾಗಿರುತ್ತದೆ. ಪೂಜೆಗೆ ಹಸಿರು ಗಿಡ ಬೇಕಿದ್ದರೆ ಸೆಪ್ಟೆಂಬರ್ ಕೊನೆಗೇ ಒಳಗೆ ತಂದುಬಿಡಿ. ಒಣಗಿದ ತೆನೆಗಳಿಂದ ಬೀಜವನ್ನೂ ಎತ್ತಿಡಿ.

ತರುವ ಮುಂಚೆ ಎಲೆಗಳ ಅಡಿಭಾಗಕ್ಕೆ ಪೈಪಿನಿಂದ ಜೋರಾಗಿ ನೀರು ಬಿಟ್ಟು ತೊಳೆಯಿರಿ, ಬೇವಿನ ಎಣ್ಣೆ ಸಿಂಪಡಿಸಿ. ಹೀಟರ್‌ನ ಒಣ ಗಾಳಿಯಲ್ಲಿ ಎಲೆಯ ರಸ ಹೀರುವ ಜೇಡ ನುಸಿ ಬಹಳ ಬೇಗ ಹೆಚ್ಚುತ್ತದೆ. ಹಿಟ್ಟು ತಿಗಣೆಯೂ ಅಷ್ಟೇ. ಒಂದು ಗಿಡದಲ್ಲಿ ಬಂದದ್ದು ಮಲ್ಲಿಗೆಗೂ ದಾಸವಾಳಕ್ಕೂ ಹಬ್ಬುತ್ತದೆ.

ಈಗ ನೀರಿನ ಮಾತು. ಡಿಸೆಂಬರ್ 21ರ ಹೊತ್ತಿಗೆ ಇಲ್ಲಿ ಹಗಲು ಸುಮಾರು 9 ಗಂಟೆ 15 ನಿಮಿಷ. ಅದೇ ದಿನ ಬೆಂಗಳೂರಿನಲ್ಲಿ 11 ಗಂಟೆಗೂ ಜಾಸ್ತಿ. ಜೊತೆಗೆ ಇಲ್ಲಿನ ಸೂರ್ಯ ತುಂಬಾ ಕೆಳಗೇ ಹಾದುಹೋಗುತ್ತಾನೆ. ಇಷ್ಟು ಕಡಿಮೆ ಬೆಳಕಿನಲ್ಲಿ ಕರಿಬೇವು ಬೆಳೆಯುವುದನ್ನೇ ನಿಲ್ಲಿಸುತ್ತದೆ, ಎಲೆ ಹಳದಿಯಾಗಿ ಉದುರುತ್ತದೆ. ಅದು ನಿದ್ದೆ. ನಾವು ಗಾಬರಿಬಿದ್ದು ಬಾಯಾರಿರಬೇಕು ಅಂತ ನೀರು ಹಾಕುತ್ತೇವೆ, ಎಲೆಯಿಲ್ಲದ ಗಿಡ ಆ ನೀರನ್ನು ಎಳೆದುಕೊಳ್ಳುವುದಿಲ್ಲ, ಮಣ್ಣು ಒದ್ದೆಯಾಗೇ ಉಳಿಯುತ್ತದೆ, ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಇನ್ನಷ್ಟು ಎಲೆ ಉದುರುತ್ತದೆ, ನಾವು ಇನ್ನಷ್ಟು ನೀರು ಹಾಕುತ್ತೇವೆ. ಬೆರಳನ್ನು ಎರಡು ಇಂಚು ಮಣ್ಣಿನೊಳಗೆ ಇಳಿಸಿ ನೋಡಿ. ಒಣಗಿದ್ದರೆ ಮಾತ್ರ ನೀರು. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಹುಳಿ ಮಜ್ಜಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಜನಕ್ಕೆ ಇದೆ. ಬೇಸಿಗೆಯಲ್ಲಿ, ಹೊರಗೆ, ಹಾಕಿಕೊಳ್ಳಿ. ಚಳಿಗಾಲದಲ್ಲಿ ಮನೆಯೊಳಗಿನ ಕುಂಡಕ್ಕೆ ಮಾತ್ರ ಬೇಡವೇ ಬೇಡ. ವಾಸನೆ ಬರುತ್ತದೆ, ಸಣ್ಣ ನೊಣ ಮುತ್ತುತ್ತವೆ. ಗೊಬ್ಬರವೂ ಮಾರ್ಚ್ ತನಕ ಬೇಡ.

ಗಿಡ ಬದುಕಿದೆಯೋ ಇಲ್ಲವೋ ಗೊತ್ತಾಗಬೇಕಾದರೆ ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆಯಿರಿ. ತೊಗಟೆಯ ಕೆಳಗೆ ಹಸಿರು ಕಂಡರೆ ಜೀವ ಇದೆ. ತುದಿಯಲ್ಲಿ ಕಂದು ಬಣ್ಣ ಇದ್ದರೆ ಇನ್ನೂ ಕೆಳಗೆ ಕೆರೆದು ನೋಡಿ. ಬುಡದಲ್ಲಿ ಹಸಿರಿದ್ದರೂ ಸಾಕು, ಎಸೆಯಬೇಡಿ. ಬರೀ ಕಡ್ಡಿಯಾಗಿದೆ ಅಂತ ಜನ ಜೀವಂತ ಗಿಡಗಳನ್ನು ಕಸಕ್ಕೆ ಹಾಕುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಜಾಗ ದಕ್ಷಿಣದ ಕಿಟಕಿ ಹತ್ತಿರ ಇರಲಿ, ಎಲೆ ತಣ್ಣನೆಯ ಗಾಜಿಗೆ ತಾಗದಿರಲಿ, ಹೀಟರ್‌ನ ಬಿಸಿಗಾಳಿ ನೇರ ಬಡಿಯದಿರಲಿ. ಅಂಥ ಕಿಟಕಿ ಇಲ್ಲದವರು ಒಂದು ಎಲ್‌ಇಡಿ ದೀಪಕ್ಕೆ ಟೈಮರ್ ಹಾಕಿ ದಿನಕ್ಕೆ 12ರಿಂದ 14 ಗಂಟೆ ಬೆಳಕು ಕೊಡಿ.

ಇಲ್ಲಿನ ಹಳೇ ಇಟಾಲಿಯನ್ ಮನೆಗಳಲ್ಲಿ ಅಂಜೂರದ ಮರಕ್ಕೆ ಗೋಣಿ ಸುತ್ತಿ ಚಳಿಗಾಲ ದಾಟಿಸುತ್ತಾರೆ. ಅದನ್ನು ನೋಡಿ ಕರಿಬೇವಿನ ಕುಂಡಕ್ಕೂ ಹಾಗೇ ಸುತ್ತಿ ಹೊರಗೆ ಬಿಡಬಹುದಾ ಅಂತ ಕೆಲವರು ಕೇಳುತ್ತಾರೆ. ಆಗುವುದಿಲ್ಲ. ಗೋಣಿ ತಾನಾಗಿ ಶಾಖ ಕೊಡುವುದಿಲ್ಲ. ಅಂಜೂರದ ಬೇರು ನೆಲದಾಳದಲ್ಲಿ ಬೆಚ್ಚಗಿರುತ್ತದೆ, ಮರಕ್ಕೂ ತಕ್ಕಮಟ್ಟಿಗೆ ಚಳಿ ತಡೆಯುವ ಶಕ್ತಿ ಇದೆ. ಕುಂಡದ ಮಣ್ಣು ಎಲ್ಲ ಕಡೆಯಿಂದಲೂ ತಣ್ಣಗಾಗಿ ಬೇರಿನ ಸಮೇತ ಹೆಪ್ಪುಗಟ್ಟುತ್ತದೆ.

ಮಾರ್ಚ್‌ನಲ್ಲಿ ಚಿಗುರು ಕಂಡ ಮೇಲೆ ಒಣ ತುದಿ ಕತ್ತರಿಸಿ, ನೀರು ನಿಧಾನವಾಗಿ ಹೆಚ್ಚಿಸಿ, ಸ್ವಲ್ಪ ಗೊಬ್ಬರ ಕೊಡಿ. ಏಪ್ರಿಲ್‌ನಲ್ಲಿ ಎರಡು ದಿನ ಬಿಸಿಲು ಬಂತು ಅಂತ ಹೊರಗೆ ಇಡಬೇಡಿ. ಮೇ ಎರಡನೇ ಭಾನುವಾರ, ಅಂದರೆ ಮದರ್ಸ್ ಡೇ, ಕಳೆಯುವ ತನಕ ಕಾಯುವುದು ಇಲ್ಲಿನ ತೋಟದವರ ರೂಢಿ, ಅದು ಒಳ್ಳೆಯದೇ. ಆಮೇಲೂ ಮೊದಲ ಒಂದು ವಾರ ನೆರಳಿನಲ್ಲಿಡಿ, ದಿನ ದಿನಕ್ಕೆ ಬಿಸಿಲು ಹೆಚ್ಚಿಸಿ. ಒಮ್ಮೆಲೇ ಬಿಸಿಲಿಗಿಟ್ಟರೆ ಮನೆಯೊಳಗೆ ಬಂದ ಎಳೆ ಚಿಗುರು ಬೆಳ್ಳಗೆ ಸುಟ್ಟುಹೋಗುತ್ತದೆ.