ಕೊನೆ ಮನೆಯ ನಲ್ಲಿ

ಜೂನ್ 12, 2024, ಬುಧವಾರ

ಬೆಳಗ್ಗೆ ಆರಕ್ಕೇ ನೀರು ಬಿಟ್ಟರು. ನೀರು ಪರೀಕ್ಷೆಯ ಕಿಟ್ ಎತ್ತಿಕೊಂಡು ಓಡಿದೆ. ಮೊದಲು ಟ್ಯಾಂಕಿನ ಪಕ್ಕದ ನಲ್ಲಿ. ಗಾಜಿನ ಕೊಳವೆಗೆ ನೀರು ಹಿಡಿದು ಔಷಧಿ ಹನಿ ಬಿಟ್ಟ ಕೂಡಲೇ ಒಳ್ಳೆ ನಿಂಬೆಹಣ್ಣಿನ ಹಳದಿ ಬಂತು. ಕ್ಲೋರಿನ್ ಚೆನ್ನಾಗಿದೆ. ನಮ್ಮ ನೀರುಗಂಟಿ ಕೆಲಸದಲ್ಲಿ ಮೋಸ ಇಲ್ಲ. 50,000 ಲೀಟರ್ ಟ್ಯಾಂಕಿಗೆ 125 ಗ್ರಾಂ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕಲಸಿ, ಗಸಿ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಸುರಿಯುತ್ತಾನೆ. ಅರ್ಧ ಗಂಟೆ ಕಾದೇ ವಾಲ್ವ್ ತಿರುಗಿಸೋದು.

ಅಲ್ಲಿಂದ ಕೊನೆ ಬೀದಿಗೆ ಹೋದೆ. ಅದೇ ಕೊಳವೆ, ಅದೇ ಹನಿ. ಬಣ್ಣವೇ ಬರಲಿಲ್ಲ. ಇನ್ನೊಂದು ಸಲ ಹಾಕಿದೆ. ಊಹೂಂ. ಕೊನೆ ನಲ್ಲಿಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇಲ್ಲಿ ಏನೂ ಇಲ್ಲ. ಅಂದರೆ ದಾರಿಯಲ್ಲಿ ಏನೋ ಅದನ್ನು ತಿಂದು ಹಾಕಿದೆ.

ಆ ಮನೆಯ ಅಜ್ಜಿ, 'ನಾವು ಕುಡಿಯೋದು ಫಿಲ್ಟರ್ ನೀರು ಕಣಮ್ಮ' ಅಂದರು. ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಆಳಕ್ಕೆ ಹೋದ ಹಾಗೆ ಫ್ಲೋರೈಡ್ ಕಾಟ ಶುರುವಾಯಿತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಮಿತಿ. ಕಾಯಿಸಿದರೂ ಅದು ಹೋಗಲ್ಲ. ಅದಕ್ಕೇ ಎಲ್ಲರೂ ಕ್ಯಾನ್ ಹಿಡಿದು ಫಿಲ್ಟರ್ ಹತ್ತಿರ ಕ್ಯೂ ನಿಲ್ಲೋದು. ಆದರೆ ಅಜ್ಜಿ ಮಾತು ಮುಗಿಸುವ ಮೊದಲೇ ಮೊಮ್ಮಗ ಓಡಿ ಬಂದು ಬೊಗಸೆಯೊಡ್ಡಿ ನಲ್ಲಿ ನೀರನ್ನೇ ಕುಡಿದ. ಮಕ್ಕಳು ಕ್ಯಾನ್ ಹುಡುಕಿಕೊಂಡು ಹೋಗುತ್ತಾರಾ?

ಆ ನಲ್ಲಿ ನೀರನ್ನು ಬ್ಯಾಕ್ಟೀರಿಯಾ ಪರೀಕ್ಷೆ ಬಾಟಲಿಗೆ ಗೆರೆವರೆಗೆ ತುಂಬಿ ಅಡುಗೆಮನೆ ಗೂಡಲ್ಲಿ ಇಟ್ಟಿದ್ದೇನೆ.

ಜೂನ್ 13, ಗುರುವಾರ

ಬಾಟಲಿ ಕಪ್ಪಾಗಿದೆ. ಅಂದರೆ ನೀರಿಗೆ ಹೊಲಸಿನ ಬ್ಯಾಕ್ಟೀರಿಯಾ ಸೇರಿದೆ. 48 ಗಂಟೆವರೆಗೂ ಕಾಯಬೇಕಾಗಬಹುದು ಅಂದಿದ್ದರು, ಒಂದೇ ರಾತ್ರಿಗೆ ಇದ್ದಿಲು ಕಲಸಿದ ಹಾಗಾಯಿತು. ನೋಡಿ ಕೈ ನಡುಗಿತು. ಆ ಹುಡುಗನ ಬೊಗಸೆ ನೆನಪಾಯಿತು.

ನಾನು, ನೀರುಗಂಟಿ ಇಬ್ಬರೂ ಪೈಪ್ ಹೋದ ದಾರಿ ಹಿಡಿದು ನಡೆದೆವು. ಮೂರನೇ ತಿರುವಿನಲ್ಲಿ ವಾಲ್ವ್ ಗುಂಡಿ. ಮೊನ್ನೆಯ ಮಳೆಗೆ ಪಕ್ಕದ ಚರಂಡಿ ತುಂಬಿ, ಗುಂಡಿಯೊಳಗೆ ಮೊಣಕಾಲುದ್ದ ಕೊಳಚೆ ನಿಂತಿತ್ತು. ಬಕೆಟ್ಟಿನಲ್ಲಿ ತೋಡಿ ಹಾಕಿದ ಮೇಲೆ ಕಂಡಿತು: ಜಾಯಿಂಟಿನಲ್ಲಿ ಉಗುರು ತೂರುವಷ್ಟು ಬಿರುಕು. ನೀರು ಬಿಟ್ಟಾಗ ಒಳಗಿಂದ ಹೊರಗೆ ಸೋರುತ್ತೆ. ನಿಲ್ಲಿಸಿದಾಗ ಪೈಪ್ ಖಾಲಿಯಾಗಿ ಹೊರಗಿನ ಕೊಳಚೆಯನ್ನೇ ಒಳಗೆ ಎಳೆದುಕೊಳ್ಳುತ್ತೆ. ಎರಡು ದಿನಕ್ಕೊಮ್ಮೆ ಎರಡೇ ಗಂಟೆ ನೀರು ಬಿಡುವ ಊರು ನಮ್ಮದು. ಉಳಿದ ಹೊತ್ತೆಲ್ಲ ಪೈಪ್ ಖಾಲಿ! ಪೌಡರ್ ಜಾಸ್ತಿ ಹಾಕಿ ಅಂತ ಹೇಳಿದರೆ ಇದು ಸರಿಹೋಗಲ್ಲ.

ಟ್ಯಾಂಕ್ ಹತ್ತಿರ ಮಾತ್ರ ಪರೀಕ್ಷೆ ಮಾಡಿ ರಿಜಿಸ್ಟರ್ ತುಂಬಿದ್ದ ತಿಂಗಳುಗಳನ್ನು ನೆನೆದರೆ ನನಗೆ ಸಂಕಟ ಆಗುತ್ತೆ. ಇನ್ನು ಮೇಲೆ ಮೊದಲ ಪರೀಕ್ಷೆ ಕೊನೆ ನಲ್ಲಿಯಲ್ಲೇ.

ಜೂನ್ 14, ಶುಕ್ರವಾರ

ಜಾಯಿಂಟ್ ಬದಲಾಯಿಸಿದರು. ನೀರು ಬಿಟ್ಟು ಮೊದಲ ಕಾಲು ಗಂಟೆ ಸುಮ್ನೆ ಹರಿಯಲು ಬಿಟ್ಟೆವು. ಆಮೇಲೆ ಅಜ್ಜಿ ಮನೆ ನಲ್ಲಿಯಲ್ಲಿ ನೋಡಿದರೆ ತೆಳು ಹಳದಿ. ಹೊಸ ಬಾಟಲಿ ತುಂಬಿ ಅದೇ ಗೂಡಲ್ಲಿ ಇಟ್ಟಿದ್ದೇನೆ. ಭಾನುವಾರದವರೆಗೆ ನಲ್ಲಿ ನೀರನ್ನು ಚೆನ್ನಾಗಿ ಕುದಿಸದೆ ಯಾರೂ ಬಾಯಿಗೆ ಹಾಕಬೇಡಿ ಅಂತ ಆ ಬೀದಿಯ ಮನೆಮನೆಗೂ ಹೇಳಿ ಬಂದೆ. ವಾಲ್ವ್ ಗುಂಡಿಗೆ ಇನ್ನೂ ಮುಚ್ಚಳ ಬಂದಿಲ್ಲ.