ನೆನಪಿನ ಕೌದಿ ಹೊಲಿಯುವಾಗ ಹೆಸರಿನ ತೇಪೆ ಕೊನೆಗೆ

ಟಿವಿ ಧಾರಾವಾಹಿ ಬರೆಯುತ್ತಿದ್ದವರು ತೀರಿಕೊಂಡರೆ ಶ್ರದ್ಧಾಂಜಲಿ ಸಭೆಯಲ್ಲಿ ದೊಡ್ಡ ಫೋಟೊ ಇರುತ್ತದೆ, ಪೂರ್ಣ ಹೆಸರು, ಊರು, ಬರೆದದ್ದರ ಪಟ್ಟಿ ಎಲ್ಲ ಇರುತ್ತದೆ. ಅದೇ ನಮೂನೆಯನ್ನು ಏಡ್ಸ್‌ನಿಂದ ತೀರಿಕೊಂಡವರ ಸಭೆಗೆ ತಂದರೆ ಪೆಟ್ಟು ಬೀಳುವುದು ಮನೆಯಲ್ಲಿ ಉಳಿದ ಹೆಂಡತಿಗೆ, ಶಾಲೆಗೆ ಹೋಗುವ ಮಕ್ಕಳಿಗೆ. ಬಾಗಲಕೋಟೆ ಕಡೆ ಏಡ್ಸ್‌ನಿಂದ ತೀರಿಕೊಂಡವರನ್ನು ನೆನೆಯುವ ಮೇ ತಿಂಗಳ ಮೂರನೇ ಭಾನುವಾರದ ಮೇಣದಬತ್ತಿ ಸಭೆಗೋ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನಕ್ಕೋ ತಯಾರಿ ನಡೆಸುವ ಆಪ್ತಸಮಾಲೋಚಕರು ಮೊದಲು ತಲೆ ಕೆಡಿಸಿಕೊಳ್ಳಬೇಕಾದದ್ದು ಹೆಸರಿನ ಬಗ್ಗೆ. ಪೆಂಡಾಲು, ಮೈಕು ಆಮೇಲೆ.

1987ರ ಅಕ್ಟೋಬರ್ 11ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಹಾಸಿದ, ಏಡ್ಸ್‌ನಿಂದ ತೀರಿಕೊಂಡವರ ನೆನಪಿನ ಕೌದಿಯಲ್ಲಿ 1,920 ತುಂಡುಗಳಿದ್ದವು. ಒಂದೊಂದೂ 3 ಅಡಿ ಅಗಲ, 6 ಅಡಿ ಉದ್ದ, ಹೆಚ್ಚೂಕಡಿಮೆ ಒಂದು ಸಮಾಧಿಯ ಅಳತೆ. ಹಳೆ ಬಟ್ಟೆಯ ಪದರ ಕೂಡಿಸಿ ಹೊಲಿಯುವ ಕೌದಿ ನಮಗೇನು ಹೊಸದಲ್ಲ, ನಮ್ಮ ಸಭೆಗೂ ಇಂಥದೊಂದನ್ನು ಹೊಲಿಯಬಹುದು. ಒಂಬತ್ತು ಗಜದ ಹಳೆಯ ಇಳಕಲ್ ಸೀರೆಯಲ್ಲಿ ಸೆರಗು ಬಿಟ್ಟು ಈ ಅಳತೆಯ ಮೂರು ಪದರ ಸಿಗುತ್ತದೆ. ಮಡಚಿ ಹೊಲಿಯಲು ಸುತ್ತ ಎರಡೆರಡು ಇಂಚು ಹೆಚ್ಚು ಇಟ್ಟೇ ಕತ್ತರಿಸಿ. ಸೆರಗನ್ನು ತೇಪೆಗೆ ತೆಗೆಯುವಾಗ ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗ ನೋಡಿಕೊಳ್ಳಿ. ಅಲ್ಲೇ ಕತ್ತರಿ ಆಡಿಸಿದರೆ ಎಳೆಗಳು ಬಿಚ್ಚಿಕೊಳ್ಳುತ್ತವೆ. ಕೆಂಪು ಸೆರಗಿನ ಮೇಲೆ ಒದ್ದೆ ಬಿಳಿ ಬಟ್ಟೆ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಆ ತುಂಡು ಬೇಡ, ಮೊದಲ ಒಗೆತಕ್ಕೇ ಉಳಿದದ್ದನ್ನೂ ಕೆಡಿಸುತ್ತದೆ. ಮೂರೂ ಪದರವನ್ನು ಮೊದಲು ಕಚ್ಚಾ ಹೊಲಿಗೆಯಿಂದ ಹಿಡಿಸಿಕೊಂಡು ಆಮೇಲೆ ಬೆರಳಗಲಕ್ಕೊಂದು ಸಾಲು ದಾರ ಎಳೆಯಬೇಕು. ಅಂಚಿನಿಂದಲೇ ಶುರು ಮಾಡಿದರೆ ಸುಕ್ಕೆಲ್ಲ ನಡುವಿಗೆ ಬಂದು ಗುಡ್ಡೆಯಾಗುತ್ತದೆ.

ಹೆಸರನ್ನು ಮಾತ್ರ ಕೌದಿಯ ಮೈಮೇಲೆ ನೇರ ಹೊಲಿಯಬೇಡಿ. ಬೇರೆ ತೇಪೆಯ ಮೇಲೆ ಹೊಲಿದು, ಸಭೆಯ ಹಿಂದಿನ ದಿನದವರೆಗೂ ಕಚ್ಚಾ ಹೊಲಿಗೆಯಲ್ಲೇ ಇಡಿ. ಮನೆಯವರು ಮೊದಲು ಹೂಂ ಅಂದು, ಹುಡುಗಿಯ ಸಂಬಂಧ ಕೂಡಿಬಂದ ಕೂಡಲೇ ಬ್ಯಾಡ್ರಿ ಅನ್ನುವುದು ಸಹಜ. ಗಟ್ಟಿ ಹೊಲಿದ ಹೆಸರು ಬಿಚ್ಚಿದರೂ ಸೂಜಿಯ ತೂತುಗಳು ಸಾಲಾಗಿ ಉಳಿದು, ಬೆಳಕಿಗೆ ಹಿಡಿದರೆ ಅಕ್ಷರ ಓದಲು ಬರುತ್ತದೆ. ಅದಕ್ಕೇ ಎರಡು ಸಲ ಕೇಳಬೇಕು, ಎರಡನೇ ಸಲ ಹಿಂದಿನ ದಿನವೇ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಎಚ್‌ಐವಿ ಸ್ಥಿತಿ ಬಯಲು ಮಾಡುವಂತಿಲ್ಲ. ಗಂಡನ ಹೆಸರು ಹೇಳಿದರೆ ಜನ ಹೆಂಡತಿಯ ಕಡೆ ನೋಡುತ್ತಾರೆ. ಆದ್ದರಿಂದ ಅಣ್ಣತಮ್ಮಂದಿರ ಹೂಂ ಸಾಲದು, ಆಕೆಯ ಮಾತೇ ಕೊನೆಯದು.

ನಮ್ಮ ಕಡೆ ಮನೆತನದ ಅಡ್ಡಹೆಸರೇ ಊರು, ಕಸುಬು ಎಲ್ಲ ಹೇಳಿಬಿಡುತ್ತದೆ. ಅಡ್ಡಹೆಸರು, ವಯಸ್ಸು, ತಾಲ್ಲೂಕು ಮೂರೂ ಕೂಡಿದರೆ ಹೆಸರೇ ಬೇಕಿಲ್ಲ. ಮನೆಯವರು ಹೆಸರು ಬೇಡ ಅಂದರೆ ತೀರಿಕೊಂಡವರ ಅಂಗಿಯ ಗುಂಡಿ, ರುಮಾಲಿನ ಅಂಚು, ಹೆಂಗಸಾದರೆ ಆಕೆ ತೊಡುತ್ತಿದ್ದ ಗುಳೇದಗುಡ್ಡದ ಕುಪ್ಪಸದ ಖಣದ ಒಂದು ಚೂರು ಸಾಕು. ನೋಡುವವರಿಗೆ ಅದು ಬರೀ ಬಟ್ಟೆ. ಮನೆಯವರು ಅಲ್ಲೇ ಕೈ ಇಡುತ್ತಾರೆ.

ಸಭೆಯ ದಿನ ಹೆಸರುಗಳನ್ನು ಸಿಬ್ಬಂದಿ ಓದಲಿ, ಮನೆಯವರನ್ನು ವೇದಿಕೆಗೆ ಕರೆಯಬೇಡಿ. ಬೆನ್ನ ಕಡೆಯಿಂದ ತೆಗೆದ ಫೋಟೊ ಸುರಕ್ಷಿತ ಅನ್ನುವುದು ಸುಳ್ಳು. ಸೀರೆ, ಜಡೆ, ಪಕ್ಕದಲ್ಲಿ ಕೂತ ಮಗು ನೋಡಿಯೇ ಓಣಿಯವರು ಗುರುತು ಹಿಡಿಯುತ್ತಾರೆ. ಕೌದಿಯ ಫೋಟೊ ಬೇಕಾದರೆ ಜನ ಬರುವ ಮೊದಲೇ ತೆಗೆದುಕೊಳ್ಳಿ. ಮೇ ತಿಂಗಳ ಬಿಸಿಲಿಗೆ ಕಟ್ಟು ಕಟ್ಟು ಮೇಣದಬತ್ತಿ ಮಧ್ಯಾಹ್ನವೇ ಬಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಸಂಜೆಗೆ ಗಾಳಿ ಬೇರೆ. ಮಣ್ಣಿನ ಪಣತಿಯೇ ವಾಸಿ, ಅದೂ ಮೊಣಕಾಲೆತ್ತರದ ಗೋಡೆಯ ಮರೆಯಲ್ಲಿ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಪ್ರತಿದಿನ ತಪ್ಪದೆ ತೆಗೆದುಕೊಂಡರೆ ಇವತ್ತು ಬಹುಕಾಲ ಬದುಕಬಹುದು ಅನ್ನುವ ಮಾತನ್ನೂ ಏಡ್ಸ್ ಸಹಾಯವಾಣಿ 1097ನ್ನೂ ಹೆಸರು ಓದುವ ಮೊದಲೇ ಹೇಳಿಬಿಡಿ. ಆಮೇಲೆ ಯಾರ ಕಿವಿಗೂ ಬೀಳುವುದಿಲ್ಲ.

ಮುಗಿದ ಮೇಲೆ ಕೌದಿಯನ್ನು ಒಣ ಬೇವಿನ ಸೊಪ್ಪಿಟ್ಟು ಹಳೆಯ ಪಂಚೆಯಲ್ಲಿ ಸುತ್ತಿ ಇಡಿ, ಪ್ರತಿಸಲ ಮಡಿಕೆ ಬದಲಿಸಿ. ಯಾವ ತೇಪೆ ಯಾರದು ಅನ್ನುವ ಚೀಟಿ ಅದರೊಳಗೆ ಬೇಡ, ಬೇರೆ ಕಪಾಟಿನಲ್ಲಿ ಬೀಗದೊಳಗಿರಲಿ.